17 ಇಂಚಿನ ಚಕ್ರ ಹಾಕಿಸಿದ ಮೇಲೆ ಕಾಲು ಮೈಲಿಯ ಸಮಯ ಏಕೆ ಹೆಚ್ಚಾಯಿತು?

ಟರ್ಬೊ_ತುಮಕೂರು:
ಎಲ್ಲರಿಗೂ ನಮಸ್ಕಾರ. ನನ್ನದು 1.2 ಲೀಟರಿನ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಚಾಲನೆ ಮುಂದಿನ ಚಕ್ರಗಳಿಗೆ, ಗೇರ್ ಮ್ಯಾನುಯಲ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಲಾಗಿದೆ. ಕಂಪನಿಯಿಂದ ಬಂದ 185/60 ಆರ್15 (ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 60, ರಿಮ್ 15 ಇಂಚು) ಟೈರುಗಳನ್ನು ತೆಗೆದು, ಹೊಸ ಅಲಾಯ್ ಚಕ್ರಗಳ ಜೊತೆ 215/45 ಆರ್17 ಟೈರುಗಳನ್ನು ಹಾಕಿಸಿದೆ. ಅಗಲ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಅದೇ ಏರ್‌ಸ್ಟ್ರಿಪ್‌ನಲ್ಲಿ ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, 16.2 ಸೆಕೆಂಡಿನಲ್ಲಿ ಮುಗಿಸುತ್ತಿದ್ದ ಕಾರು ಈಗ 16.6 ಸೆಕೆಂಡು ತೆಗೆದುಕೊಳ್ಳುತ್ತಿದೆ. ವಿಚಿತ್ರವೆಂದರೆ, ಜಿಪಿಎಸ್ ಸಾಧನದಲ್ಲಿ ಅಳೆದ 0–100 ಕಿ.ಮೀ. ಸಮಯ ಹೆಚ್ಚೂಕಡಿಮೆ ಮೊದಲಿನಷ್ಟೇ ಇದೆ. ಸ್ಪಾರ್ಕ್ ಪ್ಲಗ್, ಬೂಸ್ಟ್ ಒತ್ತಡ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ), ಏರ್ ಫಿಲ್ಟರ್ ಎಲ್ಲವೂ ಸರಿಯಾಗಿವೆ. ತೊಂದರೆ ಎಲ್ಲಿರಬಹುದು?

ಗೇರ್‌ಲೆಕ್ಕ:
ಒಟ್ಟು ಸಮಯವೊಂದನ್ನೇ ನೋಡಿ ಕಾರಣ ಹೇಳಲಾಗದು. ಟೈಮ್ ಸ್ಲಿಪ್‌ನಲ್ಲಿರುವ (ಓಟದ ಬಳಿಕ ಸಿಗುವ ಸಮಯದ ಚೀಟಿ) ಮೊದಲ 60 ಅಡಿಯ ಸಮಯವನ್ನೂ ಅಂತಿಮ ಗೆರೆ ದಾಟಿದಾಗಿನ ವೇಗವನ್ನೂ ತಿಳಿಸಿ. ಎಂಜಿನ್ ಸೊರಗಿದ್ದರೆ ಅಂತಿಮ ವೇಗ ಕುಸಿದಿರುತ್ತದೆ. ವೇಗ ಹಾಗೆಯೇ ಇದ್ದು ಸಮಯ ಮಾತ್ರ ಹೆಚ್ಚಿದ್ದರೆ ನಷ್ಟವಾದದ್ದು ಹೊರಡುವಾಗ ಎಂದೇ ತಿಳಿಯಬೇಕು. ಹಳೆಯ ಮತ್ತು ಹೊಸ ಚಕ್ರಗಳನ್ನು ಟೈರಿನ ಸಮೇತ ತೂಗಿ ನೋಡಿ. ಒಬಿಡಿ ಲಾಗ್ (ಕಾರಿನ ಕಂಪ್ಯೂಟರಿನಿಂದ ಪಡೆದ ದಾಖಲೆ) ಇದ್ದರೆ, ಕ್ಲಚ್ ಬಿಟ್ಟ ಕ್ಷಣದಲ್ಲಿ ಆರ್‌ಪಿಎಂ ಏರಿತೋ ಇಳಿಯಿತೋ ಎಂಬುದನ್ನೂ ಹೇಳಿ.

ಟರ್ಬೊ_ತುಮಕೂರು:
60 ಅಡಿಗೆ ಮೊದಲು 2.40 ಸೆಕೆಂಡು, ಈಗ 2.58. ಅಂತಿಮ ವೇಗ ಮೊದಲು ಗಂಟೆಗೆ 136 ಕಿ.ಮೀ., ಈಗ 135. ಹಳೆಯ ಚಕ್ರ ಟೈರು ಸೇರಿ 15 ಕಿಲೋ, ಹೊಸದು 19 ಕಿಲೋ. 3,000 ಆರ್‌ಪಿಎಂನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ 1,800ರ ಆಸುಪಾಸಿಗೆ ಇಳಿದು, ತುಸು ತಡೆದು ಮೇಲೇರುತ್ತದೆ. ಚಕ್ರಗಳು ಜಾರುತ್ತಿಲ್ಲ.

ಹೆದ್ದಾರಿ_ಹಕ್ಕಿ:
ಕಾರಣ ಸ್ಪಷ್ಟವಾಗಿದೆಯಲ್ಲವೇ? ಚಕ್ರದ ಒಂದು ಕಿಲೋ ಕಾರಿನ ಎಂಟು ಕಿಲೋಗೆ ಸಮ ಎನ್ನುತ್ತಾರೆ. ನಾಲ್ಕು ಚಕ್ರಗಳಿಂದ 16 ಕಿಲೋ ಹೆಚ್ಚಾಯಿತು ಎಂದರೆ 128 ಕಿಲೋ ಹೊತ್ತಂತಾಯಿತು.

ಗೇರ್‌ಲೆಕ್ಕ:
ಈ ಎಂಟು ಪಟ್ಟಿನ ಮಾತು ಎಲ್ಲೆಡೆ ಓಡಾಡುತ್ತಿದೆಯಾದರೂ ಭೌತಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಚಕ್ರ ಮುಂದೆ ಸಾಗುವುದರ ಜೊತೆಗೆ ತಿರುಗಲೂ ಬೇಕಾದ್ದರಿಂದ ಅದರ ತೂಕಕ್ಕೆ ಹೆಚ್ಚಿನ ಬೆಲೆಯಿರುವುದು ನಿಜ. ಆದರೆ ತೂಕವೆಲ್ಲ ಟೈರಿನ ಹೊರ ಅಂಚಿನಲ್ಲೇ ಕುಳಿತಿದೆ ಎಂದುಕೊಂಡರೂ ಆ ಬೆಲೆ ಎರಡು ಪಟ್ಟನ್ನು ಮೀರದು. ಹಬ್, ಕಡ್ಡಿ, ರಿಮ್‌ಗಳಲ್ಲಿ ಹಂಚಿಹೋಗಿರುವ ನಿಜವಾದ ಚಕ್ರಕ್ಕೆ ಅದು ಸುಮಾರು 1.6 ಪಟ್ಟು. ಆ ಪ್ರಕಾರ 16 ಕಿಲೋ ಎಂದರೆ ಸುಮಾರು 26 ಕಿಲೋ, ಅಂದರೆ ಚಾಲಕನೂ ಸೇರಿ 1,200 ಕಿಲೋ ತೂಗುವ ಕಾರಿಗೆ ಶೇ. 2ರಷ್ಟು. ಕಾಲು ಮೈಲಿಯ ಸಮಯ ತೂಕದ ಘನಮೂಲಕ್ಕೆ ಅನುಗುಣವಾಗಿ ಬದಲಾಗುವುದರಿಂದ ಇದರ ಪರಿಣಾಮ ಸುಮಾರು 0.1 ಸೆಕೆಂಡು. ಅಂತಿಮ ವೇಗದಲ್ಲಿ ಕಳೆದ ಆ ಒಂದು ಕಿ.ಮೀ. ಕೂಡ ಇದಕ್ಕೆ ಹೊಂದುತ್ತದೆ.

ಉಳಿದ 0.3 ಸೆಕೆಂಡಿನ ಮೂಲ ಮೊದಲ 60 ಅಡಿಯಲ್ಲಿದೆ. ಅಲ್ಲಿ ಕಳೆದ ಪ್ರತಿ 0.1 ಸೆಕೆಂಡು ಅಂತಿಮ ಗೆರೆ ತಲುಪುವ ಹೊತ್ತಿಗೆ 0.15ರಿಂದ 0.2 ಆಗುತ್ತದೆ ಎಂಬುದು ಡ್ರ್ಯಾಗ್ (ನೇರ ಓಟದ ಪಂದ್ಯ) ಓಡಿಸುವವರು ಬಳಸುವ ಅಂದಾಜು. ನಿಮ್ಮ 0.18ಕ್ಕೆ ಅದನ್ನು ಅನ್ವಯಿಸಿ ನೋಡಿ. ಎತ್ತರದ ಟೈರು, ಗಡಿಯಾರವನ್ನು ಚಾಲೂ ಮಾಡುವ ಆರಂಭದ ಗೆರೆಯ ಬೆಳಕಿನ ಕಿರಣವನ್ನು ತುಸು ಹೆಚ್ಚು ದೂರ ಮರೆಮಾಡುತ್ತದೆ. ಗಡಿಯಾರ ಓಡುವ ಮುನ್ನವೇ ಕಾರಿಗೆ ಒಂದಿಷ್ಟು ಓಟ ಸಿಗುತ್ತದೆ. ಆದ್ದರಿಂದ ನಿಜವಾದ ನಷ್ಟ ಸ್ಲಿಪ್ ತೋರಿಸುವುದಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು.

ಈ ನಷ್ಟಕ್ಕೆ ಕಾರಣ ವ್ಯಾಸ. 185/60 ಆರ್15ರ ವ್ಯಾಸ 603 ಮಿ.ಮೀ., 215/45 ಆರ್17ರದು 625. ಗೇರ್‌ಬಾಕ್ಸ್ ಮುಟ್ಟದೆಯೇ ನೀವು ಎಲ್ಲ ಗೇರುಗಳನ್ನೂ ಶೇ. 3.7ರಷ್ಟು ಉದ್ದ ಮಾಡಿದ್ದೀರಿ, ಅಂದರೆ ಎಂಜಿನ್ನಿನ ಪ್ರತಿ ಸುತ್ತಿಗೆ ಕಾರು ಅಷ್ಟು ಹೆಚ್ಚು ದೂರ ಸಾಗಬೇಕು. ಎಂಜಿನ್ ಬೂಸ್ಟಿನಲ್ಲಿರುವಾಗ ಇದು ದೊಡ್ಡ ವಿಷಯವಲ್ಲ. ಆದರೆ ಸಣ್ಣ ಟರ್ಬೊ ಎಂಜಿನ್ ಹೊರಡುವಾಗ ಬೂಸ್ಟ್ ವಲಯದಿಂದ ಕೆಳಗೆ ಬಿದ್ದರೆ ಮತ್ತೆ ಮೇಲೇಳಲು ಸಮಯ ಬೇಕು. ಲಾಗಿನಲ್ಲಿ ಕಂಡ 1,800 ಆರ್‌ಪಿಎಂ ಹೇಳುತ್ತಿರುವುದು ಅದನ್ನೇ. ಹಳೆಯ ಟೈರು ಕೊಂಚ ಜಾರಿ ಎಂಜಿನ್ನನ್ನು ತಿರುಗುತ್ತಿರಲು ಬಿಡುತ್ತಿದ್ದಿರಬಹುದು. ಈಗ ಗೇರೂ ಉದ್ದ, ಚಕ್ರವೂ ಭಾರ, ಎಂಜಿನ್ ಉಸಿರುಗಟ್ಟುತ್ತಿದೆ.

0–100 ಬದಲಾಗದಿರುವುದಕ್ಕೂ ಇದೇ ಉತ್ತರ. ಹಳೆಯ ಟೈರಿನಲ್ಲಿ ಎರಡನೇ ಗೇರು ಎಷ್ಟು ವೇಗಕ್ಕೆ ಮುಗಿಯುತ್ತಿತ್ತು?

ಟರ್ಬೊ_ತುಮಕೂರು:
ಸುಮಾರು 98ಕ್ಕೆ. ಈಗ 101ರವರೆಗೂ ಎಳೆಯುತ್ತದೆ.

ಗೇರ್‌ಲೆಕ್ಕ:
ಹಾಗಿದ್ದರೆ 100 ತಲುಪಲು ಮೂರನೇ ಗೇರಿಗೆ ಹೋಗಬೇಕಾದ ಅಗತ್ಯವೇ ತಪ್ಪಿತು. ಆ ಒಂದು ಗೇರ್ ಬದಲಾವಣೆಯ ಉಳಿತಾಯ ಹೊರಡುವಾಗಿನ ನಷ್ಟವನ್ನು ಮುಚ್ಚಿಹಾಕಿತು. ಕಾಲು ಮೈಲಿಯಲ್ಲಿ ಆ ಬದಲಾವಣೆ ಹೇಗೂ ಇರುವುದರಿಂದ ನಷ್ಟ ಬಯಲಾಯಿತು. ಚಕ್ರ ಬದಲಿಸಿದ ಕಾರನ್ನು 0–100 ಅಂಕಿಯಿಂದ ಅಳೆಯುವುದು ಇದೇ ಕಾರಣಕ್ಕೆ ಮೋಸದ ಕೆಲಸ.

ಅಗಲದ ಬಗ್ಗೆಯೂ ಒಂದು ಮಾತು. ಭಾರ ಮತ್ತು ಗಾಳಿಯ ಒತ್ತಡ ಅಷ್ಟೇ ಇದ್ದರೆ ನೆಲಕ್ಕೆ ತಾಗುವ ಭಾಗದ ವಿಸ್ತೀರ್ಣ ಹೆಚ್ಚು ಬದಲಾಗುವುದಿಲ್ಲ. ಅಗಲ ಟೈರಿನಲ್ಲಿ ಆ ಭಾಗ ಅಡ್ಡಕ್ಕೆ ಬೆಳೆದು ಉದ್ದದಲ್ಲಿ ಕುಗ್ಗುತ್ತದೆ, ಅಷ್ಟೆ. ನೇರ ಓಟದ ಹಿಡಿತಕ್ಕೆ ರಬ್ಬರಿನ ಮೃದುತ್ವವೂ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಬಾಗುವ ಗುಣವೂ ಮುಖ್ಯ. ಅಮೆರಿಕದ ಟಾಪ್ ಫ್ಯೂಯೆಲ್ ಡ್ರ್ಯಾಗ್‌ಸ್ಟರ್‌ಗಳ (ನೇರ ಓಟದ ಅತಿವೇಗದ ರೇಸ್ ಕಾರುಗಳು) ಹಿಂದಿನ ಟೈರು 36 ಇಂಚು ಎತ್ತರವಿದ್ದರೂ ಅದರ ರಿಮ್ ಬರೀ 16 ಇಂಚಿನದು. ಉಳಿದುದೆಲ್ಲ ಹೊರಡುವಾಗ ಸುಕ್ಕುಗಟ್ಟಿ ಆಘಾತವನ್ನು ನುಂಗುವ ಸೈಡ್‌ವಾಲ್. ದೊಡ್ಡ ರಿಮ್ ಚೆಂದಕ್ಕೆ, ಮತ್ತು ದೊಡ್ಡ ಬ್ರೇಕಿಗೆ ಜಾಗ ಬೇಕಾದವರಿಗೆ.

ಖರ್ಚಿಲ್ಲದ ಪರಿಹಾರವನ್ನು ಮೊದಲು ನೋಡಿ. ಹೊರಡುವ ಆರ್‌ಪಿಎಂ ಅನ್ನು 3,000ದಿಂದ ಸ್ವಲ್ಪಸ್ವಲ್ಪವಾಗಿ 4,000ದತ್ತ ಏರಿಸಿ, ಕ್ಲಚ್ಚನ್ನು ಒಮ್ಮೆಲೇ ಬಿಡದೆ ಅರೆಕ್ಷಣ ಜಾರಲು ಬಿಡಿ. ಚಕ್ರ ಜಾರತೊಡಗಿದರೆ ಮುಂದಿನ ಟೈರುಗಳ ಗಾಳಿಯನ್ನು ಎರಡೆರಡು ಪಿಎಸ್‌ಐನಂತೆ ಇಳಿಸಬಹುದು. ಆದರೆ 45 ಪ್ರೊಫೈಲಿನ, ಅಂದರೆ ಗಿಡ್ಡ ಸೈಡ್‌ವಾಲಿನ, ಟೈರಿನಲ್ಲಿ ತೀರಾ ಇಳಿಸಿದರೆ ರಿಮ್ ಪೆಟ್ಟು ತಿನ್ನುತ್ತದೆ. ಓಟ ಮುಗಿದ ಮೇಲೆ ಗಾಳಿ ತುಂಬಿಸದೆ ಹೆದ್ದಾರಿಗೆ ಇಳಿಯಬೇಡಿ. ಬರ್ನ್‌ಔಟ್‌ಗೆಂದು (ಚಕ್ರವನ್ನು ನಿಂತಲ್ಲೇ ತಿರುಗಿಸಿ ಟೈರು ಕಾಯಿಸಲು) ನೀರು ಸುರಿದ ಜಾಗವಿದ್ದರೆ ಅದರ ಮೇಲೆ ಹಾಯದೆ ಪಕ್ಕದಿಂದ ಸುತ್ತಿಕೊಂಡು ಹೋಗಿ. ರಸ್ತೆ ಟೈರಿನ ಗೀರುಗಳು ನೀರನ್ನು ಹೊತ್ತುತಂದು ಆರಂಭದ ಗೆರೆಯಲ್ಲೇ ಚೆಲ್ಲುತ್ತವೆ.

ಹಣ ಹಾಕುವುದಾದರೆ 15 ಇಂಚಿನ ಹಗುರ ರಿಮ್ ಮೇಲೆ ಮೃದು ಕಾಂಪೌಂಡಿನ (ರಬ್ಬರ್ ಮಿಶ್ರಣದ) 205/50 ಆರ್15 ಹಾಕಿಸಿ. ಅದರ ವ್ಯಾಸ 586 ಮಿ.ಮೀ.; ಈಗಿನದಕ್ಕಿಂತ ಶೇ. 6ರಷ್ಟು ಚಿಕ್ಕದು. 195/50 ಆರ್15 ಇನ್ನೂ ಚಿಕ್ಕದಾದರೂ ಸಾಮಾನ್ಯವಾಗಿ ಅದರ ಲೋಡ್ ಇಂಡೆಕ್ಸ್ 82, ಅಂದರೆ ಟೈರೊಂದಕ್ಕೆ 475 ಕಿಲೋ. ನಿಮ್ಮ ಮೂಲ ಟೈರಿನ 84ಕ್ಕಿಂತ ಕಡಿಮೆಯಾದ್ದರಿಂದ ನಾನು ಅದನ್ನು ಸೂಚಿಸಲಾರೆ.

ಟರ್ಬೊ_ತುಮಕೂರು:
ತುಂಬಾ ಧನ್ಯವಾದಗಳು ಸರ್. ಖರ್ಚು ಉಳಿಸಲು, ಚಾಲನೆಯಿರುವ ಮುಂದಿನ ಎರಡಕ್ಕೆ ಮಾತ್ರ ಈ 15 ಇಂಚಿನವನ್ನು ಹಾಕಿ, ಹಿಂದೆ 17 ಇಂಚಿನವನ್ನೇ ಉಳಿಸಿಕೊಳ್ಳಬಹುದೇ?

ಗೇರ್‌ಲೆಕ್ಕ:
ಬೇಡ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಮತ್ತು ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸುತ್ತಿರುತ್ತವೆ. ಶೇ. 6ರ ವ್ಯತ್ಯಾಸವನ್ನು ಅವು ಚಕ್ರ ಜಾರುತ್ತಿದೆ ಎಂದು ಭಾವಿಸಿ, ಓಟದ ನಡುವೆಯೇ ಶಕ್ತಿಯನ್ನು ತಗ್ಗಿಸಬಹುದು. ಅಲ್ಲದೆ ಗೆರೆ ದಾಟಿ 135ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಮುಂದೆ ಮೃದು ರಬ್ಬರಿನ ಬಿಗಿ ಹಿಡಿತ, ಹಿಂದೆ ಗಡಸು ಟೈರು ಎಂದಾದರೆ ಕಾರಿನ ಹಿಂಭಾಗ ಪಕ್ಕಕ್ಕೆ ತಿರುಗುವ ಅಪಾಯವಿದೆ. ಹಿಂದಕ್ಕೂ ಅದೇ ಅಳತೆಯ, ಅದೇ ಕಾಂಪೌಂಡಿನ ಟೈರುಗಳನ್ನು ಹಾಕಿಸಿ. ರಿಮ್ ಕೊಳ್ಳುವ ಮುನ್ನ ಬ್ರೇಕ್ ಕ್ಯಾಲಿಪರ್‌ಗೆ ತಾಗದೆ ತಿರುಗುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಕೂರಿಸಿ ನೋಡಿಕೊಳ್ಳಿ.