ಹದಿಮೂರರ ಮಗಳಿಗೆ ಜಿಂಕೆ ಬೇಟೆ: ಒಪ್ಪಿಗೆ ಕೊಡಲೇ?

ಪ್ರಶ್ನೆ (ಕೊಥ್ರೂಡ್, ಪುಣೆ)
ನನ್ನ ಯಜಮಾನರು ಉದ್ಯೋಗದ ನಿಮಿತ್ತ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾರೆ. ಹದಿಮೂರು ವರ್ಷದ ಮಗಳೂ ಅಲ್ಲಿಯೇ ಓದುತ್ತಿದ್ದಾಳೆ. ವಯಸ್ಸಾದ ಅತ್ತೆಯವರ ಸಲುವಾಗಿ ನಾನು ಇಲ್ಲಿ ಉಳಿದಿದ್ದೇನೆ. ಸಹೋದ್ಯೋಗಿಗಳೊಡನೆ ಬೇಟೆಗೆ ಹೋಗುವ ಅಭ್ಯಾಸವಾಗಿರುವ ಅವರು ಈ ನವೆಂಬರಿನಲ್ಲಿ ಮಗಳನ್ನೂ ಕರೆದೊಯ್ಯುವುದಾಗಿ ಹೇಳುತ್ತಿದ್ದಾರೆ. ಅವಳಂತೂ ವಿಡಿಯೋ ಕರೆಯಲ್ಲಿ ದಿನವೂ ಕಿತ್ತಳೆ ಬಣ್ಣದ ಜಾಕೆಟ್ ತೋರಿಸುತ್ತಾಳೆ. ನಾವು ಮಾಂಸ ತಿನ್ನುವವರೇ, ನನ್ನ ಅಳುಕು ಅದಲ್ಲ. ಮಗುವಿನ ಕೈಗೆ ಕೋವಿ ಕೊಡುವುದು ಅಲ್ಲಿಯ ಕಾನೂನಿಗೆ ಸಮ್ಮತವೇ, ಗುಂಡು ತಗುಲಿದ ಪ್ರಾಣಿ ಒದ್ದಾಡುವುದನ್ನು ಅವಳು ತಾಳಿಕೊಳ್ಳುವಳೇ ಎಂಬುದನ್ನು ತಿಳಿದವರು ಹೇಳಬೇಕು.

ಉತ್ತರ (ಡೊಂಬಿವಲಿ)
ಆ ರಾಜ್ಯದಲ್ಲಿ ಆರು ವರ್ಷ ಇದ್ದವನಾದ್ದರಿಂದ ಹೇಳುತ್ತಿದ್ದೇನೆ. ಕಾನೂನಿನ ಅಡ್ಡಿಯಿಲ್ಲ, ಆದರೆ 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು, ಮತ್ತು ನಿಮ್ಮ ಮಗಳ ವಯಸ್ಸಿನವರು ಪ್ರಮಾಣಪತ್ರವಿದ್ದರೂ ಹಿರಿಯರ ಜೊತೆಯಲ್ಲಿಯೇ ಇರಬೇಕು. ಮೈಮೇಲಿನ ಉಡುಪಿನಲ್ಲಿ ಸೊಂಟದಿಂದ ಮೇಲೆ ಅರ್ಧದಷ್ಟಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವಿರಬೇಕೆಂಬುದೂ ನಿಯಮವೇ, ಅಲಂಕಾರವಲ್ಲ.

ಅನೇಕರು ಗಮನಿಸದ ಇನ್ನೊಂದು ವಿಷಯವಿದೆ. ಉದ್ಯೋಗಿಗೆ ಕೊಡುವ ಎಚ್-1ಬಿ, ಅವರ ಕುಟುಂಬಕ್ಕೆ ಕೊಡುವ ಎಚ್-4ರಂತಹ ವೀಸಾದ ಮೇಲಿರುವವರು ಕೋವಿ ಹಿಡಿಯಬಾರದೆಂದು ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಬೇಟೆಯ ಪರವಾನಗಿ ಇದ್ದವರಿಗೆ ಅದರಿಂದ ವಿನಾಯಿತಿಯಿದೆ. ಹಾಗಾಗಿ ಮಗಳ ಹೆಸರಿನ ಪರವಾನಗಿ ಕೈಗೆ ಬರುವ ಮುನ್ನ ಗುರಿಯ ಅಭ್ಯಾಸಕ್ಕೆಂದೂ ಅವಳು ಕೋವಿ ಮುಟ್ಟದಿರುವುದು ಕ್ಷೇಮ.

ಉತ್ತರ (ಔಂಧ್, ಪುಣೆ, ಮೂಲ ಹಳಿಯಾಳ)
ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 1972ರ ವನ್ಯಜೀವಿ ಕಾಯ್ದೆ ಬರುವುದಕ್ಕೆ ನಾಲ್ಕು ವರ್ಷ ಮೊದಲು, ಹನ್ನೆರಡರ ಹುಡುಗನಾಗಿದ್ದ ನನ್ನನ್ನು ಅಪ್ಪ ಮರಸಿಗೆ, ಎಂದರೆ ಅಡಗಿ ಕೂತು ಮಾಡುವ ಬೇಟೆಗೆ, ಕರೆದೊಯ್ದಿದ್ದರು. ಸಂಜೆ ನೀರಿಗಿಳಿದ ಜಿಂಕೆಗೆ ಅವರು ಈಡು ಹೊಡೆದರು. ಅದು ಬೀಳಲಿಲ್ಲ, ಓಡಿತು. ನಾನು ಎದ್ದು ನಿಂತೆ. ಅಪ್ಪ ನನ್ನ ತೋಳು ಹಿಡಿದು ಕೂರಿಸಿ, ಒಂದರ ಹಿಂದೊಂದು ಎರಡು ಬೀಡಿಗಳನ್ನು ಸೇದಿ ಮುಗಿಸುವವರೆಗೆ ಅಲುಗಾಡಲಿಲ್ಲ. ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡುತ್ತದೆ, ಬಿಟ್ಟರೆ ಹತ್ತಿರದಲ್ಲಿಯೇ ಮಲಗುತ್ತದೆ ಎಂಬುದನ್ನು ಆಮೇಲೆ ಹೇಳಿದರು. ಎಲೆಗಳ ಮೇಲಿನ ರಕ್ತದಲ್ಲಿ ಗುಲಾಬಿ ನೊರೆಯಿತ್ತು. ಶ್ವಾಸಕೋಶಕ್ಕೆ ತಗುಲಿದೆ ಎಂದರು. ಹಸಿರು ಬೆರೆತು ನಾತ ಬಂದಿದ್ದರೆ ಹೊಟ್ಟೆಗೆ ತಗುಲಿದಂತೆ, ಆಗ ಇಡೀ ರಾತ್ರಿ ಕಾಯಬೇಕಿತ್ತು. ಬಿದಿರಿನ ಮೆಳೆಯಡಿ ಅದು ಸಿಕ್ಕಿತು. ಅಪ್ಪ ಕಡ್ಡಿಯ ತುದಿಯಿಂದ ತೆರೆದ ಕಣ್ಣನ್ನು ಮುಟ್ಟಿ, ರೆಪ್ಪೆ ಮಿಸುಕದ್ದನ್ನು ನೋಡಿದ ಮೇಲೆಯೇ ಹತ್ತಿರ ಹೋದರು. ಹೊಟ್ಟೆ ಸೀಳುವಾಗ ಲಾಟೀನು ಹಿಡಿದಿದ್ದ ನನಗೆ ವಾಕರಿಕೆ ಬಂದಿತು. ಅವರು ನೋಡಿಯೂ ನೋಡದವರಂತೆ ಇದ್ದರು.

ಆದ್ದರಿಂದ ಮಗಳ ಮನಸ್ಸಿನ ಬಗ್ಗೆ ನಮ್ಮನ್ನು ಕೇಳುವುದಕ್ಕಿಂತ, ಗುಂಡು ಹಾರಿದ ಮೇಲಿನ ಒಂದು ಗಂಟೆ ಹೇಗೆ ಕಳೆಯುತ್ತದೆಂದು ಯಜಮಾನರನ್ನೇ ಕೇಳಿರಿ. ಉತ್ತರ ತಡವರಿಸಿದರೆ ಅವರೇ ಇನ್ನೂ ಕಲಿಯಬೇಕಾದವರು.

ಉತ್ತರ (ಮಡಗಾಂವ್)
ನನಗೆ ಇದು ಒಪ್ಪಿಗೆಯಿಲ್ಲ. ಇನ್ನೆರಡು ವರ್ಷ ಕಾದರೆ ಏನೂ ನಷ್ಟವಿಲ್ಲ. ಹೋಗುವುದೇ ಆದರೆ ಮಾಂಸವನ್ನು ಪರೀಕ್ಷೆ ಮಾಡಿಸದೆ ತಿನ್ನಬೇಡಿರಿ. ಜಿಂಕೆಗಳ ಮಿದುಳನ್ನು ಕೊರೆಯುವ, ಸಿಡಬ್ಲ್ಯುಡಿ ಎಂಬ ರೋಗ 2002ರಿಂದ ಆ ರಾಜ್ಯದಲ್ಲಿದೆ. ಮನುಷ್ಯರಿಗೆ ಅಂಟಿದ ಉದಾಹರಣೆ ದೃಢಪಟ್ಟಿಲ್ಲವಾದರೂ ರೋಗವಿದ್ದ ಪ್ರಾಣಿಯ ಮಾಂಸ ತಿನ್ನಬಾರದೆಂದೇ ಅಲ್ಲಿಯ ಆರೋಗ್ಯ ಇಲಾಖೆಯ ಸಲಹೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮಾತಾಡಿದೆವು. ಈ ವರ್ಷ ಅವಳು ಬರಿಗೈಯಲ್ಲಿ ಜೊತೆಗೆ ಕೂರುವುದು, ಕೋವಿಯ ಮಾತು ಮುಂದಿನ ವರ್ಷಕ್ಕೆ ಎಂದಾಗಿದೆ, ಅವಳು ಮುನಿಸಿಕೊಂಡಿದ್ದಾಳೆ. ಬೀಡಿ ಸೇದದ ನೀವು ಆ ಹೊತ್ತನ್ನು ಹೇಗೆ ಕಳೆಯುತ್ತೀರಿ ಎಂದು ಯಜಮಾನರನ್ನು ಕೇಳಿದೆ. ಕೈಗಡಿಯಾರ ಬಿಚ್ಚಿ ಮೊಣಕಾಲಿನ ಮೇಲಿಟ್ಟುಕೊಂಡು ಅರ್ಧ ಗಂಟೆ ನೋಡುತ್ತ ಕೂರುತ್ತೇನೆ, ಈ ಸಲ ಅದನ್ನು ಮಗಳ ಕೈಗೆ ಕೊಡುತ್ತೇನೆ ಎಂದರು.