ಕೆವಿಎಂ: ಎರಡು ಡಿಸ್ಕಿಗೆ ಬ್ಯಾರೆ ಬ್ಯಾರೆ ಸೀರಿಯಲ್ ಕೊಟ್ರೂ ಬೈ-ಐಡಿ ಒಳಗ ಒಂದೇ ಕಾಣತೈತಿ

ಗದಗಿನ ಅಚ್ಚುಮನಿ:
ನಮಸ್ಕಾರ್ರಿ. ನಮ್ಮ ಪ್ರೆಸ್ಸಿನ ಹಳೇ ಪುಸ್ತಕದ ಸ್ಕ್ಯಾನ್ ಎಲ್ಲಾ ಡೆಬಿಯನ್ ಲಿನಕ್ಸ್ ವರ್ಚುವಲ್ ಮಷೀನಿನಾಗ (ಕೆವಿಎಂ ನಡಸೂ, ಕಂಪ್ಯೂಟರಿನೊಳಗಿನ ಕಂಪ್ಯೂಟರ್) ಇಟ್ಟೇನಿ, ಅದನ್ನ ಸಂಭಾಳಸೂ ತಂತ್ರಾಂಶ ಲಿಬ್‌ವರ್ಟ್ ಮ್ಯಾಲೆ. ಮೂಲದ್ದೊಂದು ಡಿಸ್ಕ್, ನಕಲಿಂದೊಂದು, ಎರಡೂ ವರ್ಟಿಯೊ-ಬ್ಲಾಕ್ (ವರ್ಚುವಲ್ ಡಿಸ್ಕ್ ಜೋಡಸೂ ಒಂದು ರೀತಿ). ಮೊನ್ನೆ ಮೂರನೇದು ಸೇರಿಸಿದಾಗ ಡಿಸ್ಕಿಗೆ ಲಿನಕ್ಸ್ ಕೊಡೂ ವಿಡಿಬಿ, ವಿಡಿಸಿ ಹೆಸರು ಅದಲುಬದಲಾದ್ವು. ವಾರದ ಬ್ಯಾಕಪ್ ಸ್ಕ್ರಿಪ್ಟ್ ಹಳೇ ನಕಲನ್ನ ಮೂಲದ ಮ್ಯಾಲೇ ಬರದಬಿಡ್ತು. ಒಂದು ವಾರ ಕುಂತು ಮಾಡಿದ ಸ್ಕ್ಯಾನ್ ಹೋತ್ರಿ.

ಅದಕ್ಕ ಮಷೀನಿನ ಸೆಟ್ಟಿಂಗ್ ಇರೂ ಎಕ್ಸ್‌ಎಂಎಲ್‌ನಾಗ ಸೀರಿಯಲ್ (ಡಿಸ್ಕಿನ ಗುರುತು) ಹಾಕಿದೆ: ಒಂದಕ್ಕ ‘ಗದಗ-ಮುದ್ರಣಾಲಯ-ಸ್ಕ್ಯಾನ್-ಮೂಲ’, ಇನ್ನೊಂದಕ್ಕ ಕಡೀಕ ‘ನಕಲು’. ಇಂಗ್ಲಿಷ್ ಅಕ್ಷರದಾಗ. ಆದ್ರೂ ಬೈ-ಐಡಿ (ಸೀರಿಯಲ್ ಮ್ಯಾಲಿಂದ ಡಿಸ್ಕಿನ ಲಿಂಕ್ ಇಡೂ ಫೋಲ್ಡರ್) ಒಳಗ ಎರಡಕ್ಕೂ ಸೇರಿ ಒಂದೇ ಲಿಂಕ್. ನಕಲನ್ನ ಮೊದಲಿಗೆ ಡಿಡಿ (ಡಿಸ್ಕನ್ನ ಇದ್ದಂಗ ನಕಲು ಮಾಡೂ ಕಮಾಂಡ್) ಹೊಡದು ಮಾಡಿದ್ದು, ಹಿಂಗಾಗಿ ಯುಯುಐಡಿನೂ (ಡಿಸ್ಕಿನೊಳಗ ಬರದಿಟ್ಟ ಗುರುತು) ಎರಡರದ್ದು ಒಂದೇ, ಅದರಿಂದನೂ ಬ್ಯಾರೆ ಮಾಡಾಕ ಆಗೂದಿಲ್ಲ.

ಉಣಕಲ್ ಕೆರಿದಂಡಿ:
ಮೊದಲ ಆ ಸ್ಕ್ರಿಪ್ಟ್ ನಿಲ್ಲಸ್ರಿ, ಉಳದದ್ದು ಆಮ್ಯಾಲೆ. ಗೆಸ್ಟ್ (ವರ್ಚುವಲ್ ಮಷೀನ್) ಒಳಗ ಡಿಸ್ಕಿನ ಪಟ್ಟಿ ತೋರಸೂ ಎಲ್‌ಎಸ್‌ಬಿಎಲ್‌ಕೆ ಓಡಿಸಿ ಸೀರಿಯಲ್ ಕಾಲಂ ಎಷ್ಟು ಉದ್ದ ಬರತೈತಿ ನೋಡಿ ಹೇಳ್ರಿ.

ಗದಗಿನ ಅಚ್ಚುಮನಿ:
ನಿಲ್ಲಿಸೇನ್ರಿ. ಎರಡೂ ಕಡೆ ‘ಸ್ಕ್ಯಾನ್’ ಅನ್ನೂದರ ಮೊದಲ ಎರಡಕ್ಷರಕ್ಕ ನಿಂತಾವ.

ಉಣಕಲ್ ಕೆರಿದಂಡಿ:
ಸಿಕ್ತು. ವರ್ಟಿಯೊ-ಬ್ಲಾಕ್ ಗೆಸ್ಟಿಗೆ ಕೊಡೂದು ಸೀರಿಯಲಿನ ಬರೇ 20 ಬೈಟ್ (20 ಇಂಗ್ಲಿಷ್ ಅಕ್ಷರ). ನಿಮ್ಮ ಹೆಸರಿನಾಗ ಗದಗ, ಮುದ್ರಣಾಲಯ, ಗೆರಿ ಎಲ್ಲಾ ಸೇರಿ 18 ಆಗತಾವ, ಇನ್ನೆರಡಕ್ಕ ಮುಗೀತು. ಮಷೀನ್ ಓಡಸೂ ಕ್ಯುಇಎಂಯು ತಪ್ಪು ಅಂತ ಒಂದು ಮಾತೂ ಹೇಳದ ಉಳದದ್ದನ್ನ ಕತ್ತರಸ್ತೈತಿ. ಇಂಥಾದ್ದಕ್ಕ ಎಚ್ಚರಿಕಿ ಕೊಡಲೇಬೇಕಿತ್ತು; ಡೇಟಾ ಹೋಗೂದು ಇಂಥಲ್ಲೇ. ಬ್ಯಾರೆ ಆಗಿರೂ ಶಬ್ದ ಮೊದಲಿಗೆ ಬರಲಿ: ಮೂಲ-01, ನಕಲು-01, ಅಷ್ಟೇ ಸಾಕು. ಸೆಟ್ಟಿಂಗ್ ತಿದ್ದೂ ಕಮಾಂಡ್ ವರ್ಷ್ ಎಡಿಟ್‌ನಾಗ ತಿದ್ದಿದ ಮ್ಯಾಲೆ ಗೆಸ್ಟ್ ಒಳಗಿಂದ ರೀಬೂಟ್ ಮಾಡಿದ್ರ ಆಗೂದಿಲ್ಲ. ಪೂರ್ತಿ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ.

ಸಪ್ತಾಪುರದಾಂವ:
ಹಾರ್ಡ್‌ವೇರಿನಂಗ ಡಬ್ಲ್ಯುಡಬ್ಲ್ಯುಎನ್ (ಜಗತ್ತಿನಾಗ ಒಂದೇ ಇರೂ ಡಿಸ್ಕಿನ ನಂಬರ್) ಬೇಕಂದ್ರ ಡಿಸ್ಕನ್ನ ವರ್ಟಿಯೊ-ಸ್ಕಸಿಗೆ (ಜೋಡಸೂ ಇನ್ನೊಂದು ರೀತಿ) ಹಾಕ್ರಿ, ವರ್ಟಿಯೊ-ಬ್ಲಾಕಿಗೆ ಅದಿಲ್ಲ. ಆ ನಂಬರ್ 16 ಹೆಕ್ಸ್ ಅಂಕಿ (0-9, ಎ-ಎಫ್), 5ರಿಂದ ಚಾಲೂ ಆಗೂದು ರೂಢಿ. ಲಿಬ್‌ವರ್ಟ್‌ನಾಗ ಮುಂದ ಸೊನ್ನೆ-ಎಕ್ಸ್ ಹಚ್ಚೂದು ಬೇಕಾಗಿಲ್ಲ. ಕ್ಯುಇಎಂಯುಗೆ ನೇರ ಕೊಡೂದಿದ್ರ ಹಚ್ಚಬೇಕು.

ಗದಗಿನ ಅಚ್ಚುಮನಿ:
ಸಣ್ಣ ಹೆಸರು ಕೊಟ್ಟ ಕೂಡ್ಲೆ ಲಿಂಕ್ ಎರಡಾದ್ವು! ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕ್ ಎಲ್ಲಿ ಜೋಡಸಬೇಕಂತ ಹೇಳೂ ಫೈಲ್) ಒಳಗ ವಿಡಿಬಿ ತಗದು ಬೈ-ಐಡಿ ದಾರಿ ಬರದೇನಿ. ಮೂಲ ಡಿಸ್ಕ್ ಸಿಗದಿದ್ರ ಸ್ಕ್ರಿಪ್ಟ್ ಅಲ್ಲೇ ನಿಲ್ಲೂಹಂಗ ಒಂದು ಸಾಲನೂ ಹಾಕೇನಿ. ಹೋದ ವಾರದ್ದರ ಪುಟ ಕಪಾಟಿನಾಗ ಅದಾವ, ನಾಳಿಂದ ಮತ್ತ ಸ್ಕ್ಯಾನ್ ಮಾಡ್ತೇನ್ರಿ.