ಎರಡು ಮಹಾಯುದ್ಧಗಳ ನಡುವೆ ಸರ್ವಾಧಿಕಾರಿಗಳನ್ನು ತಂದವರು ಯಾರು: ಮತದಾರರೇ, ಅಧಿಕಾರದಲ್ಲಿದ್ದವರೇ?

ತೀರ್ಥಹಳ್ಳಿಯ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹಿಟ್ಲರನ ಏಳಿಗೆಯನ್ನು ವಿವರಿಸುವಾಗ ನಾವೆಲ್ಲ ಹೇಳುವ ಕ್ರಮವೊಂದಿದೆ: 1919ರ ವರ್ಸೇಲ್ಸ್ ಒಪ್ಪಂದದ ಅವಮಾನ, 1923ರ ಹಣದುಬ್ಬರ, 1929ರ ಆರ್ಥಿಕ ಮಹಾಕುಸಿತ, ಕೊನೆಗೆ ಕಂಗೆಟ್ಟ ಜನ ಹಿಟ್ಲರನನ್ನು ಆರಿಸಿದರು. ಕಳೆದ ವಾರ ಇದನ್ನೇ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಮೆರಿಕದಲ್ಲೂ ಕೆಲಸ ಹೋಗಿತ್ತಲ್ಲ ಮೇಡಂ, ಅಲ್ಲಿಯ ಜನ ಯಾಕೆ ಸರ್ವಾಧಿಕಾರಿಯನ್ನು ಆರಿಸಲಿಲ್ಲ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. 1933ರಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ಕಾಲು ಭಾಗಕ್ಕೆ ಕೆಲಸವಿರಲಿಲ್ಲ. ಇನ್ನು ಇಟಲಿಯಲ್ಲಿ ಮುಸೊಲಿನಿ ಪ್ರಧಾನಿಯಾದದ್ದು 1922ರಲ್ಲಿ, ಮಹಾಕುಸಿತಕ್ಕಿಂತ ಏಳು ವರ್ಷ ಮೊದಲು. ಬಡತನವೊಂದೇ ಕಾರಣವಲ್ಲವಾದರೆ ಮಕ್ಕಳಿಗೆ ಏನೆಂದು ಹೇಳಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಬೆಲೆಯುಳ್ಳದ್ದು ಮೇಡಂ. ಮೊದಲು ಹಣದುಬ್ಬರದ ಮಾತು. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತೆಂಬುದು ನಿಜ. ಆದರೆ ಹೊಸ ನಾಣ್ಯ ಬಂದು ಹಣದುಬ್ಬರ ಆ ವರ್ಷಾಂತ್ಯದ ಹೊತ್ತಿಗೇ ನಿಂತುಹೋಯಿತು, ಐದು ವರ್ಷಗಳ ಮೇಲೆ 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ ಮತ ಶೇ. 2.6 ಮಾತ್ರ. ಜನರ ನೆನಪಿನಲ್ಲಿ ಆ ಗಾಯ ಉಳಿದಿತ್ತು, ಉಳಿತಾಯ ಕಳೆದುಕೊಂಡ ಮಧ್ಯಮ ವರ್ಗ ಯುದ್ಧದ ನಂತರ ಬಂದ ಹೊಸ ಗಣರಾಜ್ಯವನ್ನು ಕ್ಷಮಿಸಲಿಲ್ಲ. ಆದರೂ ಹಿಟ್ಲರನನ್ನು ಕುರ್ಚಿಯ ಮೇಲೆ ಕೂರಿಸಿದ್ದು ಅದಲ್ಲ.

ನಾನು ಮಕ್ಕಳಿಗೆ ಒತ್ತಿ ಹೇಳುತ್ತಿದ್ದದ್ದು 1930ರ ಮಾರ್ಚ್ ತಿಂಗಳ ಬಗ್ಗೆ. ನಿರುದ್ಯೋಗ ವಿಮೆಯ ವಂತಿಗೆಯನ್ನು ಅಲ್ಪಸ್ವಲ್ಪ ಏರಿಸುವ ವಿಷಯದಲ್ಲಿ ಹೊಂದಾಣಿಕೆಯಾಗದೆ ಜರ್ಮನಿಯ ಚಾನ್ಸಲರ್ (ಪ್ರಧಾನಿಯಂಥ ಹುದ್ದೆ) ಹರ್ಮನ್ ಮುಲ್ಲರ್ ಅವರ ಸಮ್ಮಿಶ್ರ ಸರ್ಕಾರ ಬಿದ್ದುಹೋಯಿತು. ಅಲ್ಲಿಂದ ಮುಂದೆ ಹಿಟ್ಲರ್ ಬರುವವರೆಗೂ ಸಂಸತ್ತಿನ ಬಹುಮತವುಳ್ಳ ಸರ್ಕಾರ ಆ ದೇಶಕ್ಕೆ ಬರಲೇ ಇಲ್ಲ. ಮುಲ್ಲರ್ ನಂತರ ಬಂದ ಚಾನ್ಸಲರ್ ಬ್ರೂನಿಂಗ್, ತುರ್ತು ಕಾಲದಲ್ಲಿ ಸಂಸತ್ತನ್ನು ಬದಿಗಿಟ್ಟು ಆಜ್ಞೆ ಹೊರಡಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುತ್ತಿದ್ದ ಸಂವಿಧಾನದ 48ನೇ ವಿಧಿಯನ್ನು ಹಿಡಿದು, ಅಧ್ಯಕ್ಷ ಹಿಂಡೆನ್‌ಬರ್ಗ್ ಅವರ ಸಹಿಯ ಸುಗ್ರೀವಾಜ್ಞೆಗಳ ಮೂಲಕ ಆಡಳಿತ ನಡೆಸಿದರು. ಜನ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲದಲ್ಲೇ ಸಂಬಳಕ್ಕೂ ಪರಿಹಾರಕ್ಕೂ ಕತ್ತರಿ ಹಾಕಿದರು. 1932ರಲ್ಲಿ ಸುಗ್ರೀವಾಜ್ಞೆಗಳು 66 ಬಂದರೆ ಸಂಸತ್ತು ಮಾಡಿದ ಕಾನೂನುಗಳು ಕೇವಲ 5. ಹಿಟ್ಲರ್ ಬರುವ ಮೊದಲೇ ಸಂಸತ್ತು ಗೆದ್ದಲು ತಿಂದ ತೊಲೆಯಂತಾಗಿತ್ತು.

ಇನ್ನು "ಜನ ಆರಿಸಿದರು" ಎಂಬ ಮಾತು. ಹಿಟ್ಲರನ ಪಕ್ಷಕ್ಕೆ 1932ರ ಜುಲೈನಲ್ಲಿ ಶೇ. 37.3 ಮತ ಬಂದವು, ನವೆಂಬರ್‌ನಲ್ಲಿ ಅವು ಶೇ. 33.1ಕ್ಕೆ ಇಳಿದವು. ಇಳಿಯುತ್ತಿದ್ದ ಪಕ್ಷಕ್ಕೆ 1933ರ ಜನವರಿ 30ರಂದು ಅಧಿಕಾರ ಕೊಟ್ಟದ್ದು ಮಾಜಿ ಚಾನ್ಸಲರ್ ಫಾನ್ ಪಾಪೆನ್ ಮತ್ತು ಹಿಂಡೆನ್‌ಬರ್ಗ್ ಅವರ ಸುತ್ತಲಿದ್ದ ಕೆಲವರು. ಆ ಸಂಪುಟದಲ್ಲಿ ಹಿಟ್ಲರ್ ಸೇರಿ ನಾಜಿಗಳು ಮೂವರೇ ಇದ್ದರು. ಅವನ ಹಿಂದಿರುವ ಜನಬೆಂಬಲ ತಮಗಾಗುತ್ತದೆ, ಲಗಾಮು ತಮ್ಮ ಕೈಯಲ್ಲೇ ಇರುತ್ತದೆ ಎಂದು ಉಳಿದವರು ನಂಬಿದ್ದರು.

ಇಟಲಿಯಲ್ಲಿ ಇದು ಇನ್ನೂ ಸ್ಪಷ್ಟ. 1921ರ ಚುನಾವಣೆಯಲ್ಲಿ ಫ್ಯಾಸಿಸ್ಟರಿಗೆ ದಕ್ಕಿದ್ದು 535ರಲ್ಲಿ 35 ಸ್ಥಾನ. 1922ರ ಅಕ್ಟೋಬರ್ 28ರಂದು ಕಪ್ಪಂಗಿಯವರು ರೋಮ್‌ನತ್ತ ಹೊರಟಾಗ ಪ್ರಧಾನಿ ಫಾಕ್ಟಾ ಸೇನಾಡಳಿತದ ಆದೇಶವನ್ನು ಸಿದ್ಧಪಡಿಸಿಕೊಂಡು ದೊರೆಯ ಬಳಿ ಹೋದರು. ದೊರೆ ಮೂರನೆಯ ವಿಕ್ಟರ್ ಎಮಾನ್ಯುಯೆಲ್ ಸಹಿ ಹಾಕಲಿಲ್ಲ. ಆ ಹೊತ್ತಿಗೆ ಮಿಲಾನ್‌ನಲ್ಲಿದ್ದ ಮುಸೊಲಿನಿ ದೊರೆಯ ಕರೆ ಬಂದ ಮೇಲೆ ರೈಲು ಹತ್ತಿ ರೋಮ್‌ಗೆ ಬಂದ.

ಅಡಿಕೆ ಬೆಳೆಗಾರ, ಸಾಗರ

ಮೇಷ್ಟ್ರ ಬರಹ ಓದಿ ಬಹಳ ತಿಳಿದುಕೊಂಡೆ. ಆದರೂ ಮತದಾರರನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಮೂರರಲ್ಲಿ ಒಂದು ಪಾಲು ಮತ ಇರದಿದ್ದರೆ ಪಾಪೆನ್‌ನಂಥವರು ಹಿಟ್ಲರನ ಮನೆಬಾಗಿಲಿಗೆ ಹೋಗುತ್ತಿರಲಿಲ್ಲ. ರೈತನಾಗಿ ನಾನು ಹೆಚ್ಚು ಓದಿಕೊಂಡಿರುವುದು ಜರ್ಮನಿಯ ಉತ್ತರದಲ್ಲಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ಪ್ರಾಂತ್ಯದ ಬಗ್ಗೆ. ದನ, ಹಂದಿ ಸಾಕಿ ಬದುಕುತ್ತಿದ್ದ ಸೀಮೆ ಅದು. 1927-28ರ ವೇಳೆಗೆ ಅಲ್ಲಿ ದರ ಬಿದ್ದು, ಬಡ್ಡಿ ಏರಿ, ಜಮೀನುಗಳು ಹರಾಜಿಗೆ ಬರತೊಡಗಿದವು. ನ್ಯೂಯಾರ್ಕಿನ ಶೇರುಪೇಟೆ ಕುಸಿಯುವ ಮೊದಲೇ ಇದೆಲ್ಲ ನಡೆದಿತ್ತು ಎಂಬುದನ್ನು ಗಮನಿಸಬೇಕು.

1928ರ ನವೆಂಬರ್‌ನಲ್ಲಿ ಬೈಡೆನ್‌ಫ್ಲೆತ್ ಎಂಬ ಹಳ್ಳಿಯಲ್ಲಿ ತೆರಿಗೆ ಬಾಕಿಗಾಗಿ ಎತ್ತುಗಳನ್ನು ಜಪ್ತಿ ಮಾಡಲು ಅಧಿಕಾರಿಗಳು ಬಂದರು. ಊರವರು ದಾರಿಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದರು. ಎತ್ತುಗಳು ಬೆದರಿ ತಮ್ಮ ಕೊಟ್ಟಿಗೆಗೇ ಓಡಿಹೋದವು. ಸಾಲದ ನೋಟಿಸು ಕೈಗೆ ಬಂದಾಗ ಮನೆಯೊಳಗೆ ಏನಾಗುತ್ತದೆಂಬುದನ್ನು ಬಲ್ಲ ನಮ್ಮಂಥ ಬೆಳೆಗಾರರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಆಮೇಲೆ ನಡೆದದ್ದನ್ನು ಕ್ಷಮಿಸುವುದು ಕಷ್ಟ. 1928ರ ಮೇ ತಿಂಗಳಲ್ಲಿ ಆ ಪ್ರಾಂತ್ಯದಲ್ಲಿ ನಾಜಿಗಳಿಗೆ ಶೇ. 4ರಷ್ಟು ಮತ ಬಂದಿದ್ದರೆ 1932ರ ಜುಲೈನಲ್ಲಿ ಶೇ. 51 ಬಂತು. ರೈತರ ಕಷ್ಟ ನಿಜವಾದದ್ದು. ಆ ಕಷ್ಟಕ್ಕೆಲ್ಲ ಯಹೂದಿಗಳೂ ಗಣರಾಜ್ಯವೂ ಕಾರಣವೆಂದು ವೇದಿಕೆಯ ಮೇಲೆ ಕೂಗಿದವರ ಮಾತು ಶುದ್ಧ ಸುಳ್ಳು. ಅದನ್ನು ಕೇಳಿಯೂ ಮತ ಹಾಕಿದವರು ವಯಸ್ಕರು, ಓದುಬರಹ ಬಲ್ಲವರು.

ಬಡತನವೊಂದೇ ಕಾರಣವಲ್ಲ ಎಂಬುದಕ್ಕೆ ಆಧಾರವೂ ಅಲ್ಲೇ ಸಿಗುತ್ತದೆ. ಅದೇ ದರಕುಸಿತವನ್ನು ಅನುಭವಿಸಿದ ಕ್ಯಾಥೊಲಿಕ್ ಹಳ್ಳಿಗಳಲ್ಲಿ ನಾಜಿಗಳ ಮತ ಬಹಳ ಕಡಿಮೆಯಿತ್ತು, ಏಕೆಂದರೆ ಅಲ್ಲಿ ಚರ್ಚು, ರೈತಸಂಘ, ಕ್ಯಾಥೊಲಿಕರ ಪಕ್ಷವಾದ ಸೆಂಟರ್ ಪಕ್ಷ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಕೆಲಸ ಕಳೆದುಕೊಂಡ ಕಾರ್ಮಿಕರಲ್ಲೂ ಹೆಚ್ಚಿನವರು ಒಲಿದದ್ದು ಕಮ್ಯುನಿಸ್ಟರಿಗೆ, ನಾಜಿಗಳಿಗಲ್ಲ. ಹಳೆಯ ಪಕ್ಷ, ಸಂಘಗಳ ಮೇಲಿನ ನಂಬಿಕೆ ಎಲ್ಲಿ ಮುರಿದುಬಿದ್ದಿತ್ತೋ ಅಲ್ಲಿಗೆ ಅವರು ಮೊದಲು ಹೊಕ್ಕರು.

ಸಂಶೋಧನಾ ವಿದ್ಯಾರ್ಥಿ, ಶಂಕರಘಟ್ಟ

ಇಬ್ಬರು ಹಿರಿಯರ ಮಾತಿಗೂ ಒಂದಿಷ್ಟು ಸೇರಿಸುತ್ತೇನೆ. ಸೆಂಟರ್ ಪಕ್ಷದ ಹಳ್ಳಿಗರು ಗಟ್ಟಿ ನಿಂತರು, ನಾಯಕರು ನಿಲ್ಲಲಿಲ್ಲ. 1933ರ ಮಾರ್ಚ್ 23ರಂದು, ಸಂಸತ್ ಭವನ ಸುಟ್ಟುಹೋಗಿದ್ದರಿಂದ ಕ್ರೋಲ್ ಒಪೆರಾ ಎಂಬ ರಂಗಮಂದಿರದಲ್ಲಿ ಸಭೆ ಸೇರಿತ್ತು. ಒಳಗೆ ಗೋಡೆಯುದ್ದಕ್ಕೂ ಸಮವಸ್ತ್ರದ ನಾಜಿ ಪಡೆಯವರು ನಿಂತಿದ್ದರು. ಆಯ್ಕೆಯಾಗಿದ್ದ 81 ಕಮ್ಯುನಿಸ್ಟರಲ್ಲಿ ಒಬ್ಬರಿಗೂ ಪ್ರವೇಶವಿರಲಿಲ್ಲ. ಸಂಸತ್ತಿನ ಒಪ್ಪಿಗೆಯಿಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಒಪ್ಪಿಸುವ ಮಸೂದೆಗೆ 444 ಮತ ಬಿದ್ದವು, ವಿರುದ್ಧವಾಗಿ 94. ಆ 94 ಮಂದಿಯೂ ಎಡಪಂಥೀಯ ಕಾರ್ಮಿಕ ಪಕ್ಷದವರಾದ ಸೋಷಿಯಲ್ ಡೆಮೊಕ್ರಾಟರು. ಅವರ ಪರವಾಗಿ ಮಾತನಾಡಿದ ಓಟ್ಟೊ ವೆಲ್ಸ್ ಅವರ ಧೈರ್ಯವನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಸೆಂಟರ್ ಪಕ್ಷದ ನಾಯಕ ಕಾಸ್, ಹಿಟ್ಲರ್ ಲಿಖಿತ ಭರವಸೆಯ ಪತ್ರ ಕಳಿಸುತ್ತಾನೆಂದು ನಂಬಿ ತನ್ನವರಿಂದ ಪರವಾಗಿ ಮತ ಹಾಕಿಸಿದರು. ಆ ಪತ್ರ ಬರಲಿಲ್ಲ. ಜುಲೈ 14ರ ಹೊತ್ತಿಗೆ ದೇಶದಲ್ಲಿ ನಾಜಿ ಪಕ್ಷದ ಹೊರತು ಬೇರಾವ ಪಕ್ಷವೂ ಕಾನೂನುಬದ್ಧವಾಗಿ ಉಳಿಯಲಿಲ್ಲ.

ಮೇಡಂ, ರಷ್ಯಾವನ್ನು ಮಾತ್ರ ಇದೇ ಚೌಕಟ್ಟಿನಲ್ಲಿ ಕೂರಿಸಬೇಡಿ. ಅಲ್ಲಿ ಚುನಾಯಿತ ಸಂವಿಧಾನ ಸಭೆಯನ್ನು ಲೆನಿನ್ ನಾಯಕತ್ವದ ಕಮ್ಯುನಿಸ್ಟರಾದ ಬೋಲ್ಶೆವಿಕರು 1918ರ ಜನವರಿಯಲ್ಲಿ ಒಂದೇ ಬೈಠಕ್ಕಿನ ನಂತರ ಮುಚ್ಚಿಸಿದರು. ಸ್ಟಾಲಿನ್ ಬೆಳೆದದ್ದು 1922ರಲ್ಲಿ ದಕ್ಕಿದ ಪಕ್ಷದ ಪ್ರಧಾನ ಕಾರ್ಯದರ್ಶಿ ಹುದ್ದೆಯಿಂದ. ಯಾರನ್ನು ಎಲ್ಲಿಗೆ ನೇಮಿಸಬೇಕೆಂಬುದು ಅವನ ಕೈಯಲ್ಲಿತ್ತು. ರೈತರ ಭೂಮಿಯನ್ನೂ ಧಾನ್ಯವನ್ನೂ ಬಲವಂತವಾಗಿ ಕಸಿದದ್ದರ ಪರಿಣಾಮವಾಗಿ 1932-33ರಲ್ಲಿ ಉಕ್ರೇನ್, ಕಝಾಕ್‌ಸ್ತಾನಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು.

ತೀರ್ಥಹಳ್ಳಿಯ ಉಪನ್ಯಾಸಕಿ

ಮೂವರಿಗೂ ಕೃತಜ್ಞತೆಗಳು. ಬೈಡೆನ್‌ಫ್ಲೆತ್‌ನ ಎತ್ತುಗಳ ಪ್ರಸಂಗವನ್ನು ನಮ್ಮ ಹಳ್ಳಿಯ ಮಕ್ಕಳಿಗೆ ಖಂಡಿತ ಹೇಳುತ್ತೇನೆ. ಮೇಷ್ಟ್ರೇ, ಇನ್ನೊಂದೇ ಸಂದೇಹ. ವಿಕ್ಟರ್ ಎಮಾನ್ಯುಯೆಲ್, ಹಿಂಡೆನ್‌ಬರ್ಗ್ ಅವರಂತೆಯೇ ಬಲಪಂಥದ ಕಡೆ ಒಲವಿದ್ದ ನಾಯಕನೊಬ್ಬ, ಅಂಥದೇ ಗಳಿಗೆಯಲ್ಲಿ, ಆಗದು ಎಂದ ಉದಾಹರಣೆ ಇದೆಯೇ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಇದೆ ಮೇಡಂ, ಫಿನ್‌ಲೆಂಡಿನಲ್ಲಿ. ಲಾಪುವಾ ಎಂಬ ಉಗ್ರ ಬಲಪಂಥೀಯ ಚಳವಳಿಯವರು ಅಲ್ಲಿ ವಿರೋಧಿಗಳನ್ನು ಅಪಹರಿಸಿ, ಹೊಡೆದು, ರಷ್ಯಾದ ಗಡಿಯವರೆಗೆ ಒಯ್ದು ಬಿಡುತ್ತಿದ್ದರು. ಅಧ್ಯಕ್ಷ ಸ್ವಿನ್‌ಹುಫ್ವುಡ್ ಕಟ್ಟಾ ಸಂಪ್ರದಾಯವಾದಿ; ಅಧಿಕಾರಕ್ಕೆ ಬರುವಾಗ ಅವರಿಗೆ ಲಾಪುವಾದವರ ಬೆಂಬಲವೂ ಇತ್ತು. 1932ರ ಫೆಬ್ರವರಿ ಕೊನೆಯಲ್ಲಿ ಅದೇ ಜನ ಬಂದೂಕು ಹಿಡಿದು ಮಾಂತ್ಸಾಲಾ ಎಂಬ ಊರಿನಲ್ಲಿ ಜಮಾಯಿಸಿ, ಸರ್ಕಾರ ರಾಜೀನಾಮೆ ಕೊಡಬೇಕೆಂದು ಪಟ್ಟು ಹಿಡಿದರು. ಅಧ್ಯಕ್ಷರು ಸರ್ಕಾರದ ಬೆನ್ನಿಗೆ ನಿಂತರು, ಸೇನೆಯೂ ನಿಷ್ಠೆ ಬಿಡಲಿಲ್ಲ. ಮಾರ್ಚ್ 2ರಂದು ಅವರು ರೇಡಿಯೊದಲ್ಲಿ ಮಾತನಾಡಿ, ಸಾಮಾನ್ಯ ಸದಸ್ಯರು ಶಾಂತವಾಗಿ ಮನೆಗೆ ಮರಳಿದರೆ ಶಿಕ್ಷೆಯಿಲ್ಲ, ಮುಂದಾಳುಗಳನ್ನು ಮಾತ್ರ ಬಿಡುವುದಿಲ್ಲ ಎಂದರು. ಕೆಲವೇ ದಿನಗಳಲ್ಲಿ ಬಂಡಾಯ ಕರಗಿತು. ಕಮ್ಯುನಿಸ್ಟರನ್ನು ಹತ್ತಿಕ್ಕಲೆಂದು ಲಾಪುವಾದವರೇ ಹಟ ಹಿಡಿದು 1930ರಲ್ಲಿ ಮಾಡಿಸಿಕೊಂಡಿದ್ದ ಗಣರಾಜ್ಯ ರಕ್ಷಣಾ ಕಾಯ್ದೆಯ ಅಡಿಯಲ್ಲೇ ಆ ಚಳವಳಿಯನ್ನು ನಿಷೇಧಿಸಲಾಯಿತು.